ಹನ್ನೊಂದು ಫ್ರೇಮು

ಕಥೆ ದೊಡ್ಡದೇನಲ್ಲ.
ಅವಳು ಬರೆದ ಓಲೆ ಅವನಿಗೆ ಮುಟ್ಟದೆ
ಮೀನುಪೇಟೆಯ ರೌಡಿಗೆ ಮುಟ್ಟುತ್ತದೆ.
ರೌಡಿ ಮೀಸೆ ತೀಡಿ, ಗರಿಗರಿ ಜುಬ್ಬ ತೊಟ್ಟು
ಮದುವೆಗೇ ಹೊರಟುಬಿಡುತ್ತಾನೆ.
ಹೀರೋಗೆ ಅಪಾರ್ಥ, ಹೀರೋಯಿನ್ನಿಗೆ ಅದರಪ್ಪನಂಥ ಅಪಾರ್ಥ,
ನಡುವೆ, ಪ್ರೇಮಕ್ಕೆ ಸಂಬಂಧವೇ ಇಲ್ಲದ ನಲವತ್ತು ಮಂದಿ
ಐಸು ಪೆಟ್ಟಿಗೆಗಳ ಮೇಲೆ ಹಾರಿ ಹಾರಿ ಬೀಳುತ್ತಾರೆ.
ಒಬ್ಬನಿಗೆ ಇಲಿಶ್ ಮೀನಿನಿಂದಲೇ ಕಪಾಳಮೋಕ್ಷ.

ಟಾಲಿಗಂಜಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು
ಇದನ್ನೆಲ್ಲ ಕತ್ತರಿಸಿ ಅಂಟಿಸುವವನು ನಾನು.
ಮುಖ ಹೀರೋನದು.
ಬೆನ್ನು, ಕಾಕದ್ವೀಪದ ನಿತಾಯಿ ಸಾಂಪುಯಿಯದು.
ಒಂದೇ ಥಾನಿನ ಮೂರು ಹಳದಿ ಅಂಗಿ:
ಮುಖಕ್ಕೊಂದು, ಬೆನ್ನಿಗೊಂದು,
ಕೆಂಪು ಬಣ್ಣದಲ್ಲಿ ಅದ್ದುವುದಕ್ಕೊಂದು.
ಮೂರನ್ನೂ ಹೊಲಿದವಳು ತರುಲತಾ.

ಪೇಟೆಯ ತಗಡಿನ ಮಾಡಿನಿಂದ ಬೆನ್ನು ಬೀಳುವಾಗ
ಬಿಳಿಯದೇನೋ ಹಾರಿತು. ಹನ್ನೊಂದು ಫ್ರೇಮು.
'ಏನಯ್ಯ ಅದು, ಕೊಕ್ಕರೆಯ? ತೆಗಿ' ಅಂದರು ನಿರ್ದೇಶಕರು.
ತೆಗೆದೆ.
ತೆಗೆದರೆ, ಬಿದ್ದವನು ಬಿದ್ದಂತೆ ಕಾಣಲಿಲ್ಲ,
ಯಾರೋ ಎತ್ತಿ ಇಟ್ಟಂತೆ ಕಂಡ.
ಅವರು ಊಟಕ್ಕೆ ಹೋದಾಗ ಮತ್ತೆ ಸೇರಿಸಿದೆ.

ಪೂಜೆಯ ವಾರ. ಬಾರುಯಿಪುರದ ಹಳೇ ಟಾಕೀಸು.
ಫ್ಯಾನು ಕಿರುಗುಟ್ಟಿ, ಸೀಟಿಯ ಮೇಲೆ ಸೀಟಿ.
ಪಕ್ಕದಲ್ಲಿ ತರುಲತಾ, ಮಡಿಲಲ್ಲಿ ಮಂಡಕ್ಕಿ ಪೊಟ್ಟಣ.
ಮಾಡಿನಿಂದ ಬೆನ್ನು ಬಿತ್ತು.
ಅವಳ ಕೈ ಬಾಯಿಯ ದಾರಿಯಲ್ಲೇ ನಿಂತಿತು.
'ಅದು ನನ್ನದು.'
'ಗೊತ್ತಲ್ಲ, ನೀನೇ ಹೊಲಿದದ್ದು.'
'ಅಂಗಿಯಲ್ಲ, ದಡ್ಡಾ!'

ಆಮೇಲೆ ತಿಳಿಯಿತು.
ಜೇಬಿಗೆ ನಾಲ್ಕು ಸಾಲು ಬರೆದು ಹಾಕಿದ್ದಳಂತೆ.
ಜೇಬು ತಡವದೆ ಅವನು ಹಾರಿದ.
ನಾಲ್ಕು ಸಾಲೂ ಮೀನಿನ ಐಸಿನೊಳಗೆ ಹೋಗಿ ಕರಗಿದವು.
ಉತ್ತರ ಬಾರದ್ದಕ್ಕೆ ಏಳು ತಿಂಗಳು
ಅವಳು ಅವನ ಅಳತೆ ತೆಗೆದದ್ದು ಮುಖ ನೋಡದೆ,
ಒಮ್ಮೊಮ್ಮೆ ಗುಂಡುಸೂಜಿ ಬೇಕೆಂದೇ ಒಳಗಿಳಿಸಿ.
ಅವನು, ಪಾಪ,
ಅಂಗಿ ಹರಿದು ತರುತ್ತೇನಲ್ಲ, ಅದಕ್ಕೇ ಸಿಟ್ಟು ಅಂದುಕೊಂಡು
ಬಟ್ಟೆ ಹರಿಯದಂತೆ ಬೀಳುವುದನ್ನು ಕಲಿತಿದ್ದ.
ಮೊಣಕೈ ಹರಿದರೂ ತೋಳು ಹರಿಯದಂತೆ.

ಪರದೆಯ ಮೇಲೆ ಎಲ್ಲ ಸರಿಹೋಯಿತು.
ರೌಡಿಯೇ ಅತ್ತ, ಅವನೇ ಧಾರೆ ಎರೆದ.
ದೀಪ ಹತ್ತಿದಾಗ ತರುಲತಾ ಎದ್ದಿರಲಿಲ್ಲ.
ಪೊಟ್ಟಣದ ಕಾಗದವನ್ನು ತೊಡೆಯ ಮೇಲಿಟ್ಟು
ಸುಮ್ಮನೆ ನೀವುತ್ತಿದ್ದಳು.

ಈಗ ಹೊಸ ಚಿತ್ರ. ಖಾಕಿ ಅಂಗಿ.
ಎದೆಯ ಜೇಬಿಗೆ ಮುಚ್ಚಳ,
ಮುಚ್ಚಳಕ್ಕೆ ಗುಂಡಿ, ಗುಂಡಿಗೆ ಎರಡೆಳೆ ದಾರ.
ಪೊಲೀಸು ವೇಷ, ಯಾರೂ ಕೇಳುವುದಿಲ್ಲ.
ನಿನ್ನೆ ನನ್ನ ಮೇಜಿಗೆ ಬಂತು:
ನಾಲ್ಕನೇ ಮಹಡಿಯಿಂದ ಬೆನ್ನು ಬೀಳುತ್ತದೆ.
ನಿಲ್ಲಿಸಿ, ನಿಲ್ಲಿಸಿ ನೋಡಿದೆ.
ಏನೂ ಹಾರಲಿಲ್ಲ.

ಕಟ್ ಅಂದ ಮೇಲೂ ಕ್ಯಾಮೆರಾ ಮೂರು ಸೆಕೆಂಡು ಓಡಿದೆ.
ಬಿದ್ದವನು ಏಳುವ ಮೊದಲು
ತಲೆ ಮುಟ್ಟಿಕೊಳ್ಳಲಿಲ್ಲ, ಸೊಂಟ ಮುಟ್ಟಿಕೊಳ್ಳಲಿಲ್ಲ,
ಜೇಬು ಮುಟ್ಟಿ ನೋಡಿಕೊಂಡ.

ಅದು ಸಿನಿಮಾದಲ್ಲಿ ಇರುವುದಿಲ್ಲ.