ಪ್ಲೇಟ್ಲೆಟ್ ಎಷ್ಟು ಅಂತಷ್ಟೇ

ಕಿಟಕಿಯಾಚೆ ನಿಂತು ಎಲ್ಲರೂ ಕೇಳುವುದು ಒಂದೇ:
ಪ್ಲೇಟ್ಲೆಟ್ ಎಷ್ಟಾತು ಮೇಡಮ್?
ಬೆಳಿಗ್ಗೆ ಎಷ್ಟಿತ್ತು, ಈಗ ಎಷ್ಟು,
ದಾವಣಗೆರೆ ಎಪಿಎಂಸಿಯಲ್ಲಿ
ಮೆಕ್ಕೆಜೋಳದ ಧಾರಣೆ ಕೇಳಿದ ಹಾಗೆ.
ಈ ಲ್ಯಾಬಿಗೆ ಬಂದು ಹನ್ನೊಂದು ವರ್ಷ,
ಯಕೃತ್ತು ಹೇಗಿದೆ ಅಂತ ಒಬ್ಬರೂ ಕೇಳಿದ್ದಿಲ್ಲ.

ಅದರ ತಪ್ಪೂ ಇದೆ. ಬಡಿಯುವುದಿಲ್ಲ, ಗುಡುಗುಡು ಅನ್ನುವುದಿಲ್ಲ,
ಬಲಪಕ್ಕೆಯ ಕೆಳಗೆ ಕತ್ತಲಲ್ಲಿ
ಅರ್ಧ ಬೆಂದರೂ ದುಡಿಯುತ್ತಿರುತ್ತದೆ.
ನಮ್ಮ ಮಾತಿನಲ್ಲೂ ಅದಕ್ಕೆ ಜಾಗವಿಲ್ಲ:
ಕರುಳು ಚುರುಕ್ಕೆನ್ನುತ್ತದೆ, ಎದೆ ಒಡೆಯುತ್ತದೆ,
ಹೊಟ್ಟೆಗೆ ಕಿಚ್ಚು, ಗುಂಡಿಗೆಗೆ ಕೆಚ್ಚು.
ಪಿತ್ತ ನೆತ್ತಿಗೇರಿತು ಅನ್ನುತ್ತೇವೆ,
ಹೊರಟದ್ದು ಎಲ್ಲಿಂದ ಅನ್ನುವುದಿಲ್ಲ.

ಐದನೆಯ ದಿನ ಜಬಿವುಲ್ಲಾನ ರಕ್ತ ಬಂತು.
ಹತ್ತೊಂಬತ್ತು ವರ್ಷ, ಮಂಡಕ್ಕಿ ಭಟ್ಟಿ ಕೆಲಸ.
ಜ್ವರ ಬಿಟ್ಟಿದೆ, ಮೈ ತಣ್ಣಗಿದೆ,
ಮನೆಗೆ ಹೋಗ್ತೀನಂತ ಚಪ್ಪಲಿ ಮೆಟ್ಟಿ ಕೂತಿದ್ದನಂತೆ.
ಆಮೇಲೆ ವಾಂತಿ. ಬಲಗಡೆ ಮುಟ್ಟಿದರೆ ಚೀರು.

ಯಂತ್ರ ತಿರುಗಿತು, ನಿಂತಿತು.
ಕೆಂಪು ತಳಕ್ಕೆ ಕೂತು ಮೇಲೆ ತಿಳಿ,
ಅರಿಶಿನ ತುಸು ಹೆಚ್ಚಾದ ಸಾರಿನ ಬಣ್ಣ.
ಎಸ್‌ಜಿಒಟಿ ಒಂಬೈನೂರ ನಲವತ್ತು.
ಬರೀ ನಲವತ್ತಿದ್ದರೆ ಸಾಕಿತ್ತು.
ನಂಬದೆ ಇನ್ನೊಮ್ಮೆ ಓಡಿಸಿದೆ: ಒಂಬೈನೂರ ಮೂವತ್ತಾರು.

ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ.
ಆದರೂ ಅವನ ತಾಯಿ ಮೈಬುನ್ನಿಗೆ ಹೇಳಿದೆ:
ಕಾದ ಮರಳಿಗೆ ಅಕ್ಕಿ ಬಿದ್ದರೆ
ಚಟಪಟ ಒಡೆಯುತ್ತದಲ್ಲ ಅಮ್ಮಾ, ಹಾಗೆ
ಒಳಗಿನ ಕಣ ಕಣ ಒಡೆದು
ಒಳಗೇ ಇರಬೇಕಾದ್ದು ರಕ್ತಕ್ಕೆ ಚೆಲ್ಲಿದೆ.
ಚೆಲ್ಲಿದ್ದರ ಲೆಕ್ಕ ಈ ಚೀಟಿ.

ಜರಡಿ ಹಿಡಿದು ಒರಟಾದ ಬೆರಳು ಮಡಚಿದಳು:
ದಿನಕ್ಕೆ ಎಂಟು ಜ್ವರದ ಗುಳಿಗೆ ಕೊಟ್ಟೆ,
ಪಪ್ಪಾಯಿ ಎಲೆ ರಸ ಎರಡು ಲೋಟ,
ಭತ್ತ ನೆನೆಸೋ ತೊಟ್ಟಿ ಮುಚ್ಚಿರಲಿಲ್ಲ.
ನಂದೇ ತಪ್ಪಾ?
ಸೊಳ್ಳೇನೇ ಕೇಳಬೇಕು ಅಂದೆ.
ಇಬ್ಬರಿಗೂ ನಗು ಬರಲಿಲ್ಲ.

ಬಾಗಿಲಿಗೊರಗಿ ತನ್ನ ಮಾತಿನಲ್ಲಿ ಅತ್ತಳು:
ಮೇರೇ ಕಲೇಜೇ ಕಾ ಟುಕ್ಡಾ.
ಕಲೇಜಾ ಅಂದ್ರೆ? ಕೇಳಿದೆ, ಗೊತ್ತಿದ್ದೂ.
ಕೈ ಎದೆಗೆ ಹೋಯಿತು, ತುಸು ತಡೆದು ಇಳಿದು
ಬಲಪಕ್ಕೆಯ ಮೇಲೆ ನಿಂತಿತು.

ಏಳನೆಯ ದಿನ ಆರುನೂರ ಹತ್ತು.
ಕಿಟಕಿಯಲ್ಲಿ ಅವಳೇ:
ಕಲೇಜಾ ಎಷ್ಟೈತಿ ಇವತ್ತು?
ಇಳಿದಿದೆ, ಅಂದೆ. ಇನ್ನೂ ಇಳಿಯಬೇಕು.
ಸಂಖ್ಯೆಯನ್ನು ಎರಡು ಸಲ ಬಾಯಿಪಾಠ ಮಾಡಿಕೊಂಡಳು.
ಹಿಂದೆ ನಿಂತವನು, ಸರಿಯಮ್ಮಾ ಬೇಗ, ಅಂದ.
ಅವನಿಗೆ ಪ್ಲೇಟ್ಲೆಟ್ ಬೇಕಿತ್ತು.