ಹದಿನಾರು ಕೋಟು

ಹ್ರೋದ್ನಾದ ನಾಟಕಶಾಲೆಯಲ್ಲಿ
ಕೋಟು ಕಾಯುವವಳು ಯಾದ್ವಿಹಾ.
ಇಪ್ಪತ್ತೆರಡು ಚಳಿಗಾಲ
ಜನರ ಹೆಗಲಿನ ಭಾರ ಇಳಿಸಿಕೊಂಡು
ಒಂದೊಂದು ಹಿತ್ತಾಳೆ ಬಿಲ್ಲೆ ಕೊಟ್ಟವಳು.
ಹೆಸರು ಕೇಳಿದವಳಲ್ಲ.
ಬಿಲ್ಲೆ ತಂದವರಿಗೆ ಕೋಟು, ಅಷ್ಟೇ.

ಹೋದ ವರ್ಷ ಪಕ್ಕದ ಮನೆಯ ಸ್ತಾಸ್
ಬ್ಯಾಂಕಿನಿಂದ ಐವತ್ತು ರೂಬಲ್ ಕಳಿಸಿದ್ದ,
ಜೈಲು ಸೇರಿದವನೊಬ್ಬನ ಹೆಂಡತಿಗೆ, ಮಗುವಿನ ಬೂಟಿಗೆಂದು.
ಮೂರು ತಿಂಗಳ ಮೇಲೆ, ಬೆಳಗಿನ ಆರಕ್ಕೆ, ಬಾಗಿಲು ಬಡಿದರು.
ಕೈಯಲ್ಲೊಂದು ಹಾಳೆ:
ಇವನಿಂದ, ಅವಳಿಗೆ, ಇಷ್ಟು, ಇಂಥ ದಿನ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ;
ಇಲ್ಲಿ ಎರಡು ಕೈಗೂ ಮೊದಲು ಠಾಣೆಗೆ ತಿಳಿದಿತ್ತು.

ಮೊಬೈಲ್ ರಿಪೇರಿಯ ಹುಡುಗ ಯಾಜೆಪ್
ಬೇರೆ ದಾರಿ ತೋರಿಸಿದ್ದು ಕೋಟುಗಳ ನಡುವೆಯೇ,
ಒಳಗೆ ಎರಡನೇ ಅಂಕ ನಡೆಯುವಾಗ.

"ನೋಡಿ ಚಿಕ್ಕಮ್ಮ, ನಿಮ್ಮ ನಾಣ್ಯ ಒಂಟಿಯಾಗಿ ಹೊರಡುವುದಿಲ್ಲ.
ಯಾರ್ಯಾರದೋ ಹಳೆಯ ಹದಿನೈದು ಜೊತೆಗೆ ನಿಲ್ಲುತ್ತವೆ.
ಹದಿನಾರರಲ್ಲಿ ಒಂದು ನಿಜ ಎಂಬುದಕ್ಕೆ ಪುರಾವೆಯಿದೆ,
ಯಾವುದು ಎಂಬುದಕ್ಕಿಲ್ಲ."
ಹದಿನಾರು ಬೂದು ಕೋಟು, ಅಂದಳು ಅವಳು.

"ಹಣ ತಲುಪುವ ವಿಳಾಸ ಒಂದೇ ಸಲಕ್ಕೆ."
ಹಾಗಾದರೆ ಪ್ರತಿ ಕೋಟಿಗೂ ಹೊಸ ಗೂಟ.

"ಮೊತ್ತಕ್ಕೂ ಮುಸುಕು. ತಕ್ಕಡಿಗೆ ಬಟ್ಟೆ ಹೊದಿಸಿದ ಹಾಗೆ.
ಮುಳ್ಳು ನೆಟ್ಟಗಿರುವುದು ಕಾಣುತ್ತದೆ,
ತೂಗಿದ್ದು ಆಲೂಗಡ್ಡೆಯೋ ಬಂಗಾರವೋ ಕಾಣದು."

ಆಗ ಕೇಳಿದಳು, ಇಪ್ಪತ್ತೆರಡು ವರ್ಷ ಬಿಲ್ಲೆ ಎಣಿಸಿದವಳು:
"ಅದೇ ನಾಣ್ಯ ಎರಡು ಸಲ ಕೊಟ್ಟರೆ?"
ಹುಡುಗ ನಕ್ಕ.
"ಖರ್ಚಾಗುವಾಗ ಅದೊಂದು ಹೆಬ್ಬೆಟ್ಟು ಒತ್ತುತ್ತದೆ.
ಅದೇ ಹೆಬ್ಬೆಟ್ಟು ಮತ್ತೆ ಕಂಡರೆ ಯಾರೂ ಒಪ್ಪುವುದಿಲ್ಲ.
ಯಾರ ಹೆಬ್ಬೆಟ್ಟು, ಅದು ಮಾತ್ರ ಕೇಳಬೇಡಿ."

ಕಳಿಸಿದಳು.
ಎಷ್ಟು? ಈ ಪದ್ಯವೂ ಬಾಯಿ ಬಿಡುವುದಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ.
ನನ್ನ ಬೆನ್ನಿಗೆ ನಿಂತ ಆ ಹದಿನೈದು ಮಂದಿ ಯಾರು?
ಕೇಳದೆ ಅವರ ನೆರಳು ಎರವಲು ತಂದೆನಲ್ಲ.
ನಾಳೆ ನನ್ನ ನಾಣ್ಯವೂ ಯಾರದೋ ಸಾಲಿನಲ್ಲಿ ನಿಂತೀತು,
ಗುಟ್ಟಾಗಿ ಔಷಧಿ ಕೊಳ್ಳುವವಳ ಪಕ್ಕ,
ಇಲ್ಲವೆ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಬೀಗ ಜಡಿದು
ಸುಲಿದು ತಿಂದವನ ಪಕ್ಕ.
ಕತ್ತಲು ಯಾರ ಕುಲವನ್ನೂ ಕೇಳುವುದಿಲ್ಲ.
ಕೋಟಿನ ಜೇಬಿನಲ್ಲಿ ಏನಿದೆಯೆಂದು ನಾನಾದರೂ ಎಂದು ಕೇಳಿದ್ದೆ?
ಉತ್ತರ ಹೊಳೆಯಲಿಲ್ಲ. ಮಗ್ಗುಲು ಬದಲಿಸಿದಳು.
ಹೊರಗೆ ನ್ಯೋಮನ್ ನದಿ ಹೆಪ್ಪುಗಟ್ಟುತ್ತಿತ್ತು, ಒಳಗೊಳಗೇ ಹರಿಯುತ್ತ.

ಜನವರಿಯಲ್ಲಿ ಮಕ್ಕಳ ನಾಟಕ.
ಸಾಲಿನಲ್ಲೊಬ್ಬ ಹೆಂಗಸು, ಬಡಕಲು ಮುಖ,
ಬೆರಳು ಹಿಡಿದ ಮಗುವಿನ ಕಾಲಲ್ಲಿ ಹೊಸ ಕೆಂಪು ಬೂಟು.
ಅವರೇ ಇರಬಹುದು.
ಆದರೆ ಆ ದಿನ ಕೆಂಪು ಬೂಟಿನವರು ಏಳೋ ಎಂಟೋ ಇದ್ದರು.

ಪುಟ್ಟ ಕೋಟು ಇಸಿದುಕೊಂಡು, ಹಿಮ ಕೊಡವಿ,
ಬಿಲ್ಲೆ ಚಾಚಿದಳು:
"ನಲವತ್ತೊಂದು. ಕಳೆಯಬೇಡ, ಕಂದ."