ಪಟಿಕ

ಭಾನುವಾರ. ಎರಡನೇ ಪೂಜೆಗೆ ಹೊರಟ ಬೋನಿಫಾಸ್ ಕ್ರಾಸ್ತಾರ
ಅರ್ಧ ಮುಖ ನುಣ್ಣಗೆ, ಅರ್ಧ ನೊರೆ.
ಆಗ ಕನ್ನಡಿ ಗದಗದ ಎಂದಿತು.
ಎದುರುಬದುರು ಎರಡು ಕನ್ನಡಿ ನನ್ನ ಅಂಗಡಿಯಲ್ಲಿ,
ಒಂದರೊಳಗೊಂದು ಹೊಕ್ಕು ಕೂತ ಇಪ್ಪತ್ತು ಮೂವತ್ತು ಬೋನಿಫಾಸರು
ಒಟ್ಟಿಗೇ ನಡುಗಿದರು.
ಪೌಡರಿನ ಡಬ್ಬಿ ತಾನಾಗಿ ಅಂಚಿನವರೆಗೆ ನಡೆದು
ಅಲ್ಲಿ ನಿಂತು ಯೋಚಿಸಿತು.
ಅಷ್ಟೇ.

ಹೊರಗೆ ನೋಡಿದರೆ ಕಟಪಾಡಿಗೆ ಕಟಪಾಡಿಯೇ ರಸ್ತೆಯಲ್ಲಿ,
ಲುಂಗಿಯಲ್ಲಿ, ನೈಟಿಯ ಮೇಲೆ ಬೈರಾಸು ಹೊದ್ದು,
ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ
ನಿಮ್ಮಲ್ಲೂ ಆಯ್ತಾ, ನಿಮ್ಮಲ್ಲೂ ಆಯ್ತಾ.
ಆದವರಿಗೆ ಏನೋ ಒಂದು ಗತ್ತು.
ನಿದ್ದೆಯಲ್ಲಿದ್ದವರಿಗೆ ಮದುವೆಯೂಟ ತಪ್ಪಿದ ಬೇಜಾರು.

ಆಮೇಲೆ ಎಲ್ಲರೂ ನನ್ನ ಅಂಗಡಿಯೊಳಗೆ.

ಕೋರೆ, ಎಂದರು ಐತಪ್ಪ ಸಾಲ್ಯಾನ್ರು,
ಗುಡ್ಡೆಯ ಹೊಟ್ಟೆಗೆ ಮದ್ದು ತುಂಬಿದರೆ ಇನ್ನೆಂತ ಆಗುವುದು?
ಕೋರೆಯಲ್ಲೇ ದುಡಿಯುವ ತನಿಯ ಬೆಂಚಿನ ತುದಿಯಿಂದ,
ಇವತ್ತು ರಜೆ ಮಾರಾಯ್ರೆ, ನಾನು ಇಲ್ಲೇ ಇದ್ದೇನಲ್ಲ.
ಹಾಗಾದರೆ ಬೋರ್‌ವೆಲ್. ಆರುನೂರು ಅಡಿ, ಏಳುನೂರು ಅಡಿ,
ನೀರುದೋಸೆಯ ಹಾಗೆ ತೂತು ಮಾಡಿಟ್ಟಿದ್ದೇವೆ ಭೂಮಿಯನ್ನು,
ಎಷ್ಟು ದಿನ ಹರಿಯದೆ ಇದ್ದೀತು?
ಗೂಡ್ಸು ರೈಲು ಎಂದ ಯಾರೋ ಹುಡುಗನಿಗೆ
ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ದೂಜ ಮೂಲ್ಯರು ನಕ್ಕರು:
ರೈಲಿನ ನಡುಕ ಒಂದು ಕಡೆಯಿಂದ ಬರುತ್ತದೆ,
ಇನ್ನೊಂದು ಕಡೆಗೆ ಹೋಗುತ್ತದೆ.
ಇದು ಅಡಿಯಿಂದ ಬಂತು. ಎಲ್ಲಿಗೂ ಹೋಗಲಿಲ್ಲ.

ಮೀನಿನ ಪುತ್ತುಬಾವ ಸೈಕಲ್ ಇಳಿಯದೆ ಒಂದು ಕಾಲು ಊರಿ,
ನಾಲ್ಕು ದಿನದಿಂದ ಬೂತಾಯಿ ದಡಕ್ಕೇ ಬರುತ್ತಾ ಉಂಟು,
ಕಡಲಿಗೆ ಮೊದಲೇ ಗೊತ್ತಿತ್ತು, ಎಂದು
ಆ ಗಡಿಬಿಡಿಯಲ್ಲೂ ಅರ್ಧ ಬುಟ್ಟಿ ಮಾರಿದ.
ಗಿರಿಜಕ್ಕ ಮೆಟ್ಟಿಲು ಹತ್ತದೆ ಹೊರಗಿನಿಂದಲೇ
ದೈವದ ತಂಬಿಲ ಎರಡು ವರ್ಷ ತಪ್ಪಿದ್ದು ನೆನಪಿಸಿದರು.
ದೈವಕ್ಕೆ ಸಿಟ್ಟು ಬಂದರೆ ಇಷ್ಟು ಮೆಲ್ಲಗೆ ಅಲ್ಲಾಡಿಸ್ತದಾ ಅಕ್ಕ,
ಎಂದ ತನಿಯ. ಅವರಿಗೂ ಉತ್ತರ ಹೊಳೆಯಲಿಲ್ಲ.

ಕೂದಲು ಕತ್ತರಿಸಲು ಬಂದ ಏಳನೇ ಕ್ಲಾಸಿನ ಪೋರ ಹೇಳಿದ:
ಇಂಡಿಯಾ ಉತ್ತರಕ್ಕೆ ಹೋಗ್ತಾ ಉಂಟು, ದಿನಾಲೂ,
ಉಗುರು ಬೆಳೆದಷ್ಟು ನಿಧಾನ.
ಎಲ್ಲರೂ ಒಮ್ಮೆ ಉಗುರು ನೋಡಿಕೊಂಡರು.
ಕೂದಲಾದರೆ ಅದಕ್ಕಿಂತ ಜೋರು, ಎಂದೆ ನಾನು,
ನನಗೆ ಗೊತ್ತಿರುವುದು ಅಷ್ಟು.

ಆಗಲೇ ಐತಪ್ಪಣ್ಣನ ಕಣ್ಣು ಬೋನಿಫಾಸರ ಗಂಟಲಿಗೆ ಬಿತ್ತು.
ಅಯ್ಯೋ ರಕ್ತ!
ಭೂಕಂಪ, ಎಂದರು ಬೋನಿಫಾಸರು, ಪಟಿಕ ಒತ್ತಿ ಹಿಡಿದು,
ಪದಕ ತೋರಿಸುವವರ ಹಾಗೆ ಗಲ್ಲ ಎತ್ತಿ.
ನೋಡಿ, ಇಡೀ ಊರಿಗೆ ಆದ ನಷ್ಟ ಇಷ್ಟೇ.
ಫೋಟೋ ತೆಗೆದರು. ಮಧ್ಯಾಹ್ನದೊಳಗೆ
ಆ ಗೀರು ಶಿರ್ವ ದಾಟಿ ಕಾರ್ಕಳ ಮುಟ್ಟಿತ್ತು.

ಸಂಜೆ ಟಿವಿಯಲ್ಲಿ ಹೇಳಿದರು: ತೀವ್ರತೆ ಎರಡು ಪಾಯಿಂಟ್ ಎಂಟು,
ಬೆಳಿಗ್ಗೆ ಏಳು ನಲವತ್ತೊಂದಕ್ಕೆ,
ಗಾಬರಿ ಬೇಡ.

ಶಿರ್ವದ ಬಸ್ಸು ಏಳು ಮೂವತ್ತೆಂಟಕ್ಕೆ.
ಕಂಡಕ್ಟರ್ ವಿಸಿಲ್ ಊದಿ ಬಸ್ಸು ಹೊರಟಾಗ
ನೊರೆಯಲ್ಲಿ ಆಗಲೇ ಕೆಂಪು ಇಳಿದಿತ್ತು.
ಆಟಿ ತಿಂಗಳಿಂದ ನನ್ನ ಬಲಗೈ ಹೆಬ್ಬೆರಳು ಮಾತು ಕೇಳುವುದಿಲ್ಲ.
ಚಾ ಕುಡಿಯುವಾಗ ಲೋಟ ತಟ್ಟೆಯ ಜೊತೆ ಮಾತಾಡುತ್ತದೆ.
ಮನೆಯಲ್ಲಿ ಹೇಳಿಲ್ಲ.
ಭೂಮಿ ಅಲುಗಿದಾಗ ಮೊದಲು ನಾನು ಕೈಯನ್ನೇ ನೋಡಿದ್ದು,
ಇಷ್ಟೊಂದು ಜೋರಾಯಿತೇ ಎಂದು.
ಆಮೇಲೆ ಗೋಡೆ, ಕನ್ನಡಿ, ಡಬ್ಬಿ,
ಎಲ್ಲವೂ ನನ್ನಂತೆಯೇ ಎಂದು ಕಂಡ ಆ ಎರಡು ಸೆಕೆಂಡು
ಎಂಥ ಸಮಾಧಾನ,
ಯಾರಿಗೆ ಹೇಳುವುದು?

ಬೋನಿಫಾಸರು ಮೂವತ್ತೊಂದು ವರ್ಷ
ಇದೇ ಸ್ಟ್ಯಾಂಡಿನಲ್ಲಿ ಬಸ್ಸುಗಳ ಟೈಮ್‌ಕೀಪರ್.
ಅರ್ಧ ನಿಮಿಷ ತಡವಾದರೂ ಡ್ರೈವರನ ಅಜ್ಜನನ್ನು ನೆನೆಯುತ್ತಿದ್ದವರು.
ಮೂರು ನಿಮಿಷ ಅವರಿಗೆ ತಿಳಿಯದೆ ಹೋದೀತೇ?

ಮುಂದಿನ ಭಾನುವಾರ ಬಂದರು.
ಇದೇ ಕುರ್ಚಿ. ಚಪ್ಪಲಿ ಬಿಚ್ಚಿ ಬದಿಗಿಟ್ಟರು.
ಇವತ್ತು ಉಂಟಾ ಶೀನಣ್ಣ, ಎಂದು ನೆಲ ತೋರಿಸಿ ಕೇಳಿ
ನನ್ನ ಉತ್ತರಕ್ಕೆ ಕಾಯದೆ
ಕಣ್ಣು ಮುಚ್ಚಿ ಗಲ್ಲ ಎತ್ತಿದರು.